ಚಂದಯ್ಯ ಎಣಿಸುವುದಿಲ್ಲ

ಗಂಗೊಳ್ಳಿಯ ಚಂದಯ್ಯನಿಗೆ ಎಣಿಸಲು ಬರುವುದಿಲ್ಲ ಎಂದು ಕೇರಿಯ ಮಕ್ಕಳು ಆಡಿಕೊಳ್ಳುತ್ತಾರೆ. ಬಲೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಅಜ್ಜಾ, ನಿಮ್ಮ್ ಕೈಯಗೆ ಬೆರಳ್ ಎಷ್ಟಿತ್ತ್?" ಎಂದು ಕೇಳಿ ಓಡುವುದು ಅವರಿಗೊಂದು ಆಟ. "ಬೇಕಾದಷ್ಟಿತ್ತ್. ಹತ್ರ ಬಾ, ಬೆನ್ನಿಗ್ ಬಿದ್ರೆ ನಿಂಗೇ ಲೆಕ್ಕ ಸಿಕ್ತ್" ಎಂದು ಅವನೂ ತಲೆ ಎತ್ತದೆ ಬೈಯುತ್ತಾನೆ.

ಬರುವುದಿಲ್ಲ ಎಂಬುದು ಸುಳ್ಳು. ಐದನೇ ಕ್ಲಾಸಿನವರೆಗೆ ಮಗ್ಗಿ ಒದರಿದವನು ಅವನು. ಎಣಿಸುವುದಿಲ್ಲ, ಅಷ್ಟೆ. ಹರಿದ ಬಲೆಗೆ ತೇಪೆ ಹಾಕುವಾಗ ಉಳಿದವರು ಬಲೆಯ ಕಣ್ಣುಗಳನ್ನು ಎಣಿಸಿ ತುಂಡು ಕತ್ತರಿಸುತ್ತಾರೆ. ಚಂದಯ್ಯ ತೂತಿನ ಮೇಲೆ ಅಂಗೈ ಬಿಡಿಸಿಟ್ಟು ಅಂದಾಜು ನೋಡಿ ಕತ್ತರಿಸುತ್ತಾನೆ. ಹತ್ತರಲ್ಲಿ ನಾಲ್ಕು ಸಲ ಅದು ಸಾಲದೆ ಬರುತ್ತದೆ. ಬಿಚ್ಚುತ್ತಾನೆ, ಮತ್ತೆ ಹೊಲಿಯುತ್ತಾನೆ. ಶೆಡ್ಡಿನ ಯಜಮಾನ ಗೊಣಗಿದರೆ ಕಿವಿ ಕೇಳದವನಂತೆ ಕೂರುತ್ತಾನೆ. ಊರಿನ ದೊಡ್ಡವರು ಮಾತ್ರ ಅವನನ್ನು ಈ ವಿಷಯಕ್ಕೆ ಕೆಣಕುವುದಿಲ್ಲ. ಅವರಿಗೆ ಗೊತ್ತಿದೆ.

ಅವನ ಅಪ್ಪ ಕರಿಯನ ಕಾಲದಿಂದ ಆ ಮನೆಯ ದೋಣಿಗೆ ಒಂದು ಕಟ್ಟಳೆ ಇತ್ತು. ದಡ ಬಿಟ್ಟ ಮೇಲೆ ದೋಣಿಯಲ್ಲಿರುವವರ ತಲೆ ಎಣಿಸಬಾರದು. ತಿರುಗಿ ದಡ ಮುಟ್ಟುವವರೆಗೂ ಎಣಿಸಬಾರದು. "ನೀ ಎಣ್ಸಿರೆ ಕಡ್ಲೂ ಎಣ್ಸತ್ತ್" ಎನ್ನುತ್ತಿದ್ದ ಕರಿಯ. ಬೇರೆ ದೋಣಿಯವರು ಇದೆಂಥ ಮಡಿ ಎಂದು ನಗುತ್ತಿದ್ದರು. ಆದರೆ ಕರಿಯನ ದೋಣಿ ಎಂಥ ಗಾಳಿಗೂ ಒಬ್ಬನನ್ನೂ ಕಳೆದುಕೊಳ್ಳದೆ ಬರುವುದನ್ನು ಕಂಡು ನಗು ತಾನಾಗಿ ಕಡಿಮೆಯಾಯಿತು. ಕರಿಯನ ನಂತರ ಚಂದಯ್ಯ ತಾಂಡೇಲನಾದ. ತಾಂಡೇಲ ಎಂದರೆ ದೋಣಿಯ ಹಿರಿಯ. ಅವನು ತಿರುಗು ಎಂದರೆ ತಿರುಗಬೇಕು, ಎಳೆ ಎಂದರೆ ಎಳೆಯಬೇಕು. ದೋಣಿಯ ಜೊತೆಗೆ ಕಟ್ಟಳೆಯೂ ಅವನ ಪಾಲಿಗೆ ಬಂತು.

ಅವನ ದೋಣಿಯಲ್ಲಿ ಸೂರ ಎಂಬವನಿದ್ದ. ಚಂದಯ್ಯನಿಗಿಂತ ನಾಲ್ಕೈದು ವರ್ಷ ಚಿಕ್ಕವನು, ಪಕ್ಕದ ಮನೆಯವನು, ಹೊಟ್ಟೆ ತುಂಬ ನಗುವವನು. ಬಲೆ ಎಳೆಯುವಾಗ ಚಂದಯ್ಯ "ಐಸಾ" ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಬೇಕು. ಎಲ್ಲರೂ ಜಗ್ಗಿ ಮುಗಿದ ಮೇಲೆ, ಒಂದು ಉಸಿರು ತಡವಾಗಿ, ಸೂರನದೊಂದು ಎಳೆತ. ಹುಟ್ಟಿನಿಂದ ಹಾಗೆ. "ಸೂರನ ಐಸಾ ನಾಳಿಗೆ" ಎಂದು ಉಳಿದವರು ತಮಾಷೆ ಮಾಡಿದರೆ, "ಕಡೀಗ್ ಎಳೂದೇ ಮೀನ್ ಮೇಲ್ ತರೂದ್ ಮರಾಯ್ರೆ" ಎಂದು ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನ ಹೆಂಡತಿ ಸುಂದರಿ ಬೈಂದೂರು ಕಡೆಯವಳು. ಚಂದನಾ ಎಂಬ ಸಣ್ಣ ಮಗಳಿದ್ದಳು. ಆ ಕೂಸು ಚಂದಯ್ಯನ ಹೆಗಲೇರಿ ಅವನ ಕಿವಿ ತಿರುಪಿ, ದೋಣಿಯ ಇಂಜಿನಿನ ಹಾಗೆ ಸದ್ದು ಮಾಡುತ್ತಿತ್ತು.

ಹನ್ನೆರಡು ವರ್ಷದ ಹಿಂದೆ, ಮಳೆ ಇನ್ನೂ ಬಿಡದ ಸೋಣೆ ತಿಂಗಳ ಒಂದು ಬೆಳಗ್ಗೆ ಏಳು ಜನ ಮೀನು ಹಿಡಿದು ತಿರುಗಿ ಬರುತ್ತಿದ್ದರು. ಏಳು ಎಂಬುದನ್ನೂ ಚಂದಯ್ಯ ಆಮೇಲೆ, ಪೊಲೀಸರು ಕೇಳಿದಾಗ, ಎಣಿಸಿ ಹೇಳಿದ್ದು. ಜಡಿಮಳೆ, ಎದುರಿಗಿದ್ದವನ ಮುಖ ಕಾಣದಷ್ಟು ಮಬ್ಬು. ಸೂರ ಮೈ ಬಿಸಿಯಾಗುತ್ತಿದೆ ಎಂದು ಹಿಂದಿನ ತುದಿಯಲ್ಲಿ ಬಲೆಯ ರಾಶಿಗೆ ಒರಗಿ ಟಾರ್ಪಾಲು ಹೊದ್ದು ಮಲಗಿದ್ದ. ಅಳಿವೆ ಹತ್ತಿರವಾಯಿತು. ಹೊಳೆ ಕಡಲಿಗೆ ಸೇರುವ ಆ ಬಾಯಲ್ಲಿ ನೀರು ಗೋಡೆಯಂತೆ ಏಳುತ್ತಿತ್ತು. ಆಗ ಭೋಜ, ಆ ವರ್ಷವಷ್ಟೇ ದೋಣಿಗೆ ಸೇರಿದವನು, ಹೆದರಿಕೆಗೋ ಏನೋ, "ಎಲ್ಲಾ ಇದ್ರಾ ಕಾಂಬ. ಒಂದ್, ಎರಡ್, ಮೂರ್..." ಎಂದು ಶುರು ಮಾಡಿದ.

"ಬಾಯ್ ಮುಚ್!" ಎಂದು ಚಂದಯ್ಯ ಗದರಿದ. "ಕಡ್ಲಗೆ ತಲೆ ಎಣ್ಸೂದಾ? ಯಾರ್ ಕಲ್ಸಿದ್ ನಿಂಗೆ?"

ಭೋಜ ಮೂರಕ್ಕೆ ನಿಲ್ಲಿಸಿದ. ದೋಣಿ ಅಳಿವೆ ದಾಟಿತು. ದಡಕ್ಕೆ ಹಚ್ಚಿ ಟಾರ್ಪಾಲು ಎತ್ತಿದರೆ ಅಡಿಯಲ್ಲಿ ಸೂರ ತಲೆಗೆ ಸುತ್ತುವ ಬೈರಾಸು ಇತ್ತು, ಸೂರ ಇರಲಿಲ್ಲ.

ತಿರುಗಿ ಹೋದರು. ಊರಿನ ದೋಣಿಗಳೆಲ್ಲ ಹೋದವು. ಹೆಣವೂ ಸಿಗಲಿಲ್ಲ. ಸತ್ತವರ ಕಾಟಕ್ಕಿಂತ ಸಿಗದವರ ಕಾಟ ಹೆಚ್ಚು. ಸತ್ತವರಿಗಾದರೆ ಒಂದು ಎಲೆ ಬಡಿಸಿ ಕೈಮುಗಿಯಬಹುದು. ಸೂರ ಅಳಿವೆಯ ಬಾಯಲ್ಲಿ ಬಿದ್ದಿದ್ದರೆ, ಭೋಜ ಪೂರ್ತಿ ಎಣಿಸಿದ್ದರೆ, ಕೂಡಲೇ ದೋಣಿ ತಿರುಗಿಸಿದ್ದರೆ, ಅವನ ಒಂದು ಕೈ ಸಿಗುತ್ತಿತ್ತೋ ಏನೋ. ಅದಕ್ಕೂ ಮೊದಲೇ ದೂರದಲ್ಲೆಲ್ಲೋ ಬಿದ್ದಿದ್ದರೆ ಭೋಜ ನೂರರವರೆಗೆ ಎಣಿಸಿದ್ದರೂ ಪ್ರಯೋಜನವಿರಲಿಲ್ಲ. ಎರಡರಲ್ಲಿ ಯಾವುದು? ಹೇಳಬಲ್ಲವನು ಸೂರ ಒಬ್ಬನೇ. ಚಂದಯ್ಯನನ್ನು ಹುಳದಂತೆ ತಿಂದದ್ದು ಈ ಪ್ರಶ್ನೆ.

ಊರು ಅವನನ್ನು ದೂರಲಿಲ್ಲ. ಕಡಲಿಗೆ ಹೋಗುವವರಿಗೆ ಇದು ಇದ್ದದ್ದೇ ಎಂದರು. ಸುಂದರಿಯಾದರೂ ಅಂಗಳಕ್ಕೆ ಬಂದು ಮಣ್ಣು ತೂರಿ ಶಾಪ ಹಾಕಿದ್ದರೆ ಅವನಿಗೆ ಉಸಿರಾಡಲು ದಾರಿಯಾಗುತ್ತಿತ್ತು. ಅವಳು ಒಂದು ಮಾತೂ ಆಡದೆ ಮಗಳನ್ನು ಕಟ್ಟಿಕೊಂಡು ಬೈಂದೂರಿನ ತಾಯಿಮನೆಗೆ ಹೋಗಿಬಿಟ್ಟಳು. ಚಂದಯ್ಯ ಒಮ್ಮೆ ನೋಡಿ ಬರುತ್ತೇನೆಂದು ಬೈಂದೂರಿಗೆ ಹೋಗಿದ್ದ. ಬಸ್ಸಿಳಿದು ಒಂದು ಚಾ ಕುಡಿದು ಅದೇ ಬಸ್ಸಿನಲ್ಲಿ ತಿರುಗಿ ಬಂದ. ದೋಣಿ ಮಾರಿದ. ಭೋಜ ಮುಂಬಯಿಗೆ ಹೋಗಿ ಒಂದು ಕ್ಯಾಂಟೀನಿಗೆ ಸೇರಿಕೊಂಡ. ಹನ್ನೆರಡು ವರ್ಷ ಇಬ್ಬರೂ ಮಾತಾಡಲಿಲ್ಲ.

ಅವರಿಬ್ಬರನ್ನು ಮತ್ತೆ ಮಾತಾಡಿಸಿದ್ದು ಒಂದು ಸುಳ್ಳು ಕಡಲು.

ಕಳೆದ ಮಳೆಗಾಲದ ಮಾತು. ಚಂದಯ್ಯನ ತಂಗಿಯ ಮಗ ಶೈಲೇಶ್ ಕುಂದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಜೆ ಅಂಗಡಿ ಬೇಗ ಮುಚ್ಚಿ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಅವನು ಈ ಲೋಕದಲ್ಲಿಲ್ಲ, ಆ ಲೋಕದಲ್ಲಿರುತ್ತಾನೆ. ತೆರೆಯ ಮೇಲೊಂದು ಕಡಲು, ಕಡಲಿನಲ್ಲೊಂದು ದೋಣಿ. ಸಾಲಿಗ್ರಾಮದ ನಿಶ್ಮಿತಾ, ಬಸ್ರೂರಿನ ರವಿರಾಜ್, ದೂರದಿಂದ ಇನ್ನೊಬ್ಬ ಊರವ, ಎಲ್ಲರೂ ತಂತಮ್ಮ ಮನೆಯಲ್ಲಿ ಕೂತು ಅದೇ ದೋಣಿಗೆ ಹತ್ತುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಗೊಂಬೆ. ಗೊಂಬೆ ಇಲ್ಲಿ ನಡೆದಂತೆ ಎಲ್ಲರ ತೆರೆಯಲ್ಲೂ ನಡೆಯುತ್ತದೆ. ಇಲ್ಲಿ ಆಡಿದ ಮಾತು ಎಲ್ಲರ ಕಿವಿಯಲ್ಲೂ ಕೇಳುತ್ತದೆ. ಎಲ್ಲರೂ ಒಟ್ಟಿಗೆ ಜಗ್ಗಿದರೆ ಮಾತ್ರ ಬಲೆ ಮೇಲೆ ಬರುವುದು ಆ ಆಟದ ನಿಯಮ. ಇವರ ಬಲೆ ಯಾವತ್ತೂ ಹರಿದೇ ಹೋಗುತ್ತಿತ್ತು.

ಚಂದಯ್ಯ ತಂಗಿಯ ಮನೆಗೆ ಚಾ ಕುಡಿಯಲು ಹೋದವನು ಬೆನ್ನ ಹಿಂದೆ ನಿಂತು ಈ ಅವಾಂತರ ನೋಡಿದ. ಒಬ್ಬ ಈಗ ಎಳೆಯುತ್ತಾನೆ, ಒಬ್ಬಳು ಆಗ ಎಳೆಯುತ್ತಾಳೆ. ಅವನಿಗೆ ತಡೆಯಲಾಗಲಿಲ್ಲ.

"ಅಯ್ಯೋ ನಿಮ್ಮ್ ಕರ್ಮವೇ! ಹೇಳೂಕ್ ಒಬ್ಬ ಬ್ಯಾಡ್ದಾ?" ಎಂದು ಬಗ್ಗಿ, ಅಳಿಯನ ಬಾಯ ಹತ್ತಿರವಿದ್ದ ಮೈಕಿಗೆ "ಐಸಾ" ಎಂದು ಕೂಗಿದ. ಹನ್ನೆರಡು ವರ್ಷ ಕೂಗದ ಕೂಗು. ಬಲೆ ಎದ್ದು ಬಂತು.

ಆಚೆಯಿಂದ ಎಲ್ಲರೂ ಕಿರುಚಾಡಿದರು. ಅದು ತಣ್ಣಗಾದ ಮೇಲೆ ದೂರದ ಒಂದು ಗಂಡು ಧ್ವನಿ ಮೆಲ್ಲಗೆ ಕೇಳಿತು. "ಚಂದಯ್ಯಣ್ಣನಾ?"

ಭೋಜ. ಕ್ಯಾಂಟೀನಿನಲ್ಲಿ ಸಂಜೆ ತಿಂಡಿ ಮುಗಿದು ರಾತ್ರಿ ಊಟ ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲಿ ಅವನೂ ಮೊಬೈಲಿನಲ್ಲಿ ಊರವರ ಜೊತೆ ಈ ದೋಣಿಗೆ ಹತ್ತುತ್ತಿದ್ದ. ಶೈಲೇಶನಿಗೆ ಹಳೆಯ ಕಥೆ ಆಗ ನೆನಪಾಯಿತು.

"ಹೌದ್, ನಾನೇ" ಎಂದ ಚಂದಯ್ಯ. ಬಹಳ ಹೊತ್ತು ಹುಡುಕಿದ ಮೇಲೆ ಸಿಕ್ಕ ಮಾತು, "ಚಾ ಆಯ್ತಾ?"

"ಆಯ್ತ್ ಅಣ್ಣ. ನಿಮ್ದ್?"

ಮರುದಿನದಿಂದ ಚಂದಯ್ಯ ಆ ದೋಣಿಯ ತಾಂಡೇಲ. ಶೈಲೇಶ್ ತನ್ನ ಹಳೆಯ ಕಂಪ್ಯೂಟರನ್ನು ಮಾವನ ಜಗಲಿಗೆ ತಂದಿಟ್ಟು, ಕಿವಿಗೆ ಹೆಡ್‌ಫೋನ್ ತೊಡಿಸಿ, ಗೊಂಬೆಯನ್ನು ನಡೆಸುವುದು ಹೇಗೆಂದು ಕಲಿಸಿದ. ಮೊದಮೊದಲು ಚಂದಯ್ಯನ ಗೊಂಬೆ ನೀರಿಗೆ ಬೀಳುವುದೇ ಹೆಚ್ಚು. ನಿಶ್ಮಿತಾ ನಗುತ್ತಿದ್ದಳು. ಬಿದ್ದ ಗೊಂಬೆ ತಾನಾಗಿ ಎದ್ದು ದೋಣಿಗೆ ಬರುತ್ತಿತ್ತು. ಇದನ್ನು ಕಂಡ ದಿನ ಚಂದಯ್ಯ ಗೊಂಬೆಯನ್ನು ಬೇಕೆಂದೇ ಮತ್ತೆ ಮತ್ತೆ ನೀರಿಗೆ ಬೀಳಿಸಿ ನೋಡಿದ.

ಆ ಆಟದಲ್ಲಿ ತಮಗೆ ಬೇಕಾದ ಊರನ್ನೂ ಕಟ್ಟಿಕೊಳ್ಳಬಹುದು. ಮಳೆಗಾಲ ಮುಗಿಯುವುದರೊಳಗೆ ಐವರೂ ಸೇರಿ ಗಂಗೊಳ್ಳಿಯ ದೋಣಿ ನಿಲ್ಲುವ ದಕ್ಕೆಯನ್ನೇ ಕಟ್ಟಿದರು. ನಿಶ್ಮಿತಾ ಹೆಂಚಿನ ಮಾಡು ಹೊದಿಸಿದಳು. ರವಿರಾಜ್ ಹೊಳೆ ತೋಡಿದ. ಭೋಜ ಮುಂಬಯಿಯಲ್ಲಿ ಕೂತು ಒಂದೊಂದೇ ತೆಂಗಿನಮರ ನೆಟ್ಟು, ಇದು ಯಾರ ಮನೆಯದು ಎಂದು ಹೇಳುತ್ತ ಹೋದ. ಅಳಿವೆಯಲ್ಲಿ ಮರಳ ದಿಬ್ಬ ಎಲ್ಲಿಂದ ಎಲ್ಲಿಗೆ ಚಾಚುತ್ತದೆ ಎಂದು ಚಂದಯ್ಯ ಹೇಳಿದ. ಹೇಳಿದನೇ ಹೊರತು, ಮೀನು ತುಂಬಿ ತಿರುಗಿ ಬರುವಾಗ ಅಳಿವೆ ಕಂಡೊಡನೆ "ಶೈಲೇಶ, ಹಿಡ್ಕೊ" ಎಂದು ಚುಕ್ಕಾಣಿ ಬಿಟ್ಟು ಹೆಡ್‌ಫೋನ್ ತೆಗೆದಿಟ್ಟು ಬಚ್ಚಲಿಗೆ ಹೋಗುತ್ತಿದ್ದ. ದಿನವೂ ಅದೇ ಹೊತ್ತಿಗೆ ಮಾವನಿಗೆ ಯಾಕೆ ಅವಸರವಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ತೊಡಕಿತ್ತು. ತೆರೆಯ ಮೂಲೆಯಲ್ಲಿ "ದೋಣಿಯಲ್ಲಿರುವವರು" ಎಂದು ಬರೆದು ಮುಂದೊಂದು ಅಂಕಿ ಇರುತ್ತಿತ್ತು. ಆಟ ತಾನಾಗಿ ತಲೆ ಎಣಿಸುತ್ತಿತ್ತು. ಮೊದಲ ದಿನ ಅದನ್ನು ಕಂಡು ಚಂದಯ್ಯ ಎದ್ದೇಬಿಟ್ಟ. ಅಳಿಸಲು ಬರುವುದಿಲ್ಲ ಎಂದ ಶೈಲೇಶ್. ಕೊನೆಗೆ ಚಂದಯ್ಯ ಕನ್ನಡಿಯ ಹತ್ತಿರ ಹೋಗಿ, ಹೆಂಡತಿ ಜಲಜ ಅಂಟಿಸಿಟ್ಟಿದ್ದ ಬೊಟ್ಟುಗಳಲ್ಲಿ ದೊಡ್ಡದೊಂದನ್ನು ಕಿತ್ತು ತಂದು ಅಂಕಿಯ ಮೇಲೆ ಅಂಟಿಸಿದ. "ಹ್ವಾಯ್, ಪೆಟ್ಟಿಗಿಗೂ ಕುಂಕ್ಮ ಇಟ್ರಿಯಾ? ಆರತಿ ತಕಂಡ್ ಬರ್ಲಾ?" ಎಂದು ಜಲಜ ಗೇಲಿ ಮಾಡಿದಳು.

ದೀಪಾವಳಿ ಕಳೆದ ಮೇಲೆ ಒಂದು ಮೂರ್ಸಂಜೆ ಕಡಲ ಗಾಳಿಯ ಪಸೆಗೆ ಬೊಟ್ಟಿನ ಅಂಟು ಬಿಟ್ಟು ಅದು ಕೆಳಗೆ ಬಿತ್ತು. ಅಂಕಿ ಕಣ್ಣಿಗೆ ಬಿತ್ತು.

ಆರು.

ಎಣಿಸದವನಿಗೂ ಐದು ಜನ ಎಂಬುದು ಗೊತ್ತಿರುತ್ತದೆ. ತಾನು, ಶೈಲೇಶ, ನಿಶ್ಮಿತಾ, ರವಿರಾಜ್, ಭೋಜ. ಐದೂ ಧ್ವನಿ ಕಿವಿಯಲ್ಲಿ ಹರಟುತ್ತಿದ್ದವು. ಚಂದಯ್ಯ ತನ್ನ ಗೊಂಬೆಯನ್ನು ಮೆಲ್ಲಗೆ ತಿರುಗಿಸಿದ. ಹಿಂದಿನ ತುದಿಯಲ್ಲಿ, ಬಲೆಯ ರಾಶಿಯ ಪಕ್ಕ, ಮಳೆಯಂಗಿ ತೊಟ್ಟು ಟೊಪ್ಪಿ ಮುಖದವರೆಗೆ ಎಳೆದುಕೊಂಡ ಒಂದು ಗೊಂಬೆ ಕೂತಿತ್ತು. ತಲೆಯ ಮೇಲೆ ಹೆಸರಿಲ್ಲ.

"ಹೊಸ್ಬ್ರ್ ಯಾರಾರೂ ಬಂದಿದ್ರಾ?" ಎಂದು ಕೇಳಿದ.

"ಇಲ್ಲ ಮಾವ, ನಾವೇ" ಎಂದ ರವಿರಾಜ್, ಬಲೆಯ ಕಡೆ ನೋಡುತ್ತ. ಭೋಜ ಏನೂ ಹೇಳಲಿಲ್ಲ.

ಚಂದಯ್ಯ "ಐಸಾ" ಎಂದ. ಗೊಂಬೆಗಳೆಲ್ಲ ಒಟ್ಟಿಗೆ ಬಾಗಿ ಹಗ್ಗ ಜಗ್ಗಿದವು. ಎಲ್ಲವೂ ಎದ್ದು ನಿಂತ ಮೇಲೆ, ಒಂದು ಉಸಿರು ತಡವಾಗಿ, ಹಿಂದಿನ ಗೊಂಬೆ ಬಾಗಿ ಜಗ್ಗಿತು. ಇನ್ನೊಮ್ಮೆ "ಐಸಾ" ಎಂದ. ಮತ್ತೆ ಒಂದು ಉಸಿರು ತಡ. ಅಳಿವೆ ಹತ್ತಿರವಾಗುವಾಗ ತಿರುಗಿ ನೋಡಿದರೆ ಬಲೆಯ ರಾಶಿ ಮಾತ್ರ ಇತ್ತು.

ಬಿದ್ದ ಬೊಟ್ಟನ್ನು ಅವನು ಮತ್ತೆ ಅಂಟಿಸಲಿಲ್ಲ. ಊಟಕ್ಕೆ ಕೂತಾಗ ಜಲಜಳಿಗೆ ಹೇಳಿದ, "ಸೂರ ಬಂದಿದ."

ಜಲಜ ಸಾರಿನ ಸೌಟನ್ನು ಹಾಗೇ ಹಿಡಿದು ನಿಂತಳು. "ಎಲ್ಲಿಗೆ?"

"ದೋಣಿಗೆ."

"ನಾಳೆಯೇ ಆ ಪೆಟ್ಗಿ ಶೈಲೇಶನ ಮನಿಗ್ ಹೊತ್ಕಂಡ್ ಹೋಯ್ಲಿ. ದೈವದ ಪಾತ್ರಿ ಹತ್ರ ಒಂದ್ ನೂಲ್ ಕಟ್ಸ್ಕಂಡ್ ಬಪ್ಪ, ನಡಿನಿ."

ಚಂದಯ್ಯ ಒಪ್ಪಲಿಲ್ಲ. ಹೆದರಿಕೆ ಅವನಿಗೂ ಇತ್ತು. ಆದರೆ ಹನ್ನೆರಡು ವರ್ಷ ಕಾದವನಿಗೆ ಹೆದರಿಕೆ ದೊಡ್ಡದಲ್ಲ. ಸೂರ ಬಂದಿದ್ದಾನೆ ಎಂದರೆ ಕೇಳಬಹುದು. ಅಳಿವೆಯ ಬಾಯಲ್ಲೋ, ಅದಕ್ಕೂ ಮೊದಲೋ.

ಅಲ್ಲಿಂದ ಚಂದಯ್ಯನ ಸ್ವಭಾವವೇ ಬದಲಾಯಿತು. ಶೆಡ್ಡಿನಲ್ಲಿ ಬೆಳಗಿನಿಂದ ಹೊತ್ತು ನೋಡುತ್ತಿದ್ದ. ಸಂಜೆ ಜಗಲಿಯಲ್ಲಿ ಕೂತರೆ ಮೊದಲು ನೋಡುವುದು ಮೂಲೆಯ ಅಂಕಿಯನ್ನು. ಆರು ಎಂದಿದ್ದರೆ ಮುಖ ಅರಳುತ್ತಿತ್ತು. ಹಿಂದೆ ಕೂತ ಗೊಂಬೆ ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, "ಐಸಾ" ಎಂದರೆ ಮಾತ್ರ ಎದ್ದು ಬಂದು ತಡವಾಗಿ ಜಗ್ಗುತ್ತಿತ್ತು. ದಡ ಹತ್ತಿರವಾದರೆ ಅದು ಮಾಯವಾಗುತ್ತದೆ ಎಂದು ಚಂದಯ್ಯ ಕಂಡುಕೊಂಡಿದ್ದ. ಹಾಗಾಗಿ ದೋಣಿಯನ್ನು ದಡಕ್ಕೆ ತರುವುದನ್ನೇ ಬಿಟ್ಟ. ಇನ್ನೊಂದು ಬಲೆ, ಇನ್ನೂ ಒಂದು ಬಲೆ ಎನ್ನುತ್ತ ನಡುಗಡಲಿನಲ್ಲೇ ಸುತ್ತಿಸಿದ. ಹಿಡಿದ ಮೀನು ಮಾರದೆ ಕೊಳೆತು, ಆಟದಲ್ಲಿ ಇವರ ದೋಣಿ ಎಲ್ಲರಿಗಿಂತ ಹಿಂದೆ ಬಿತ್ತು.

"ಚಂದಯ್ಯ ಮಾವ, ಇದ್ ಮೀನ್ ಹಿಡೂದಾ, ಇಲ್ಲ ಮೀನಿಗೆ ಊರ್ ತೋರ್ಸೂದಾ?" ಎಂದು ನಿಶ್ಮಿತಾ ರೇಗಿದಳು. "ನಂಗ್ ಅಡುಗಿ ಮಾಡೂಕಿತ್ತ್, ನಾ ಹೋತೆ."

ಒಂದು ಸಂಜೆ ಒಬ್ಬೊಬ್ಬರೇ ಬೇಸರದಿಂದ ಇಳಿದು ಹೋದರು. ಅಂಕಿ ಎರಡಕ್ಕೆ ಇಳಿಯಿತು. ಚಂದಯ್ಯ ಮತ್ತು ಹಿಂದಿನವನು. ಚಂದಯ್ಯ ಇಂಜಿನು ನಿಲ್ಲಿಸಿ ತನ್ನ ಗೊಂಬೆಯನ್ನು ಬಲೆಯ ರಾಶಿಯ ಹತ್ತಿರ ನಡೆಸಿ ನಿಲ್ಲಿಸಿದ. ಜಗಲಿಯಲ್ಲಿ ದೀಪ ಹಚ್ಚಿರಲಿಲ್ಲ. ತೆರೆಯ ನೀಲಿ ಬೆಳಕು ಅವನ ಮೊಣಕೈವರೆಗೆ ಬಿದ್ದಿತ್ತು.

"ಸೂರಾ" ಎಂದ. "ನಿಂಗ್ ಕೋಪ ಇದ್ರೆ ಇರ್ಲಿ. ಒಂದೇ ಒಂದ್ ಹೇಳ್. ನೀ ಬಿದ್ದದ್ದ್ ಎಲ್ಲಿ? ಅಳ್ವಿ ಬಾಯಗಾ, ಅದ್ಕಿಂತ ಮುಂಚೆಯಾ? ಭೋಜ ಎಣ್ಸುಕ್ ಹೊರ್ಟಿದ. ನಾನೇ ಬಾಯ್ ಮುಚ್ಸ್ದೆ. ಆಗ ನೀ ನೀರಗಿದ್ದ್ಯಾ? ಆ ಇಂಜಿನ್ ಶಬ್ದ ದೂರ ಹೋಪ್ದ್ ನಿಂಗ್ ಕೇಂಡಿತಾ?"

ಗೊಂಬೆ ಅಲುಗಾಡಲಿಲ್ಲ. ಹೆಡ್‌ಫೋನಿನಲ್ಲಿ ಆಟದ ಅಲೆಗಳ ಸದ್ದು, ಅದರಡಿಯಲ್ಲಿ ಯಾರೋ ಉಸಿರೆಳೆದುಕೊಂಡಂಥ ಒಂದು ಸಣ್ಣ ಸದ್ದು. ಮರುಕ್ಷಣ ಗೊಂಬೆ ಇರಲಿಲ್ಲ. ಅಂಕಿ ಒಂದು ಎಂದು ತೋರಿಸಿತು.

ಮರುದಿನ ಆರು ಆಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ವಾರವಿಡೀ ಅಂಕಿ ಐದಕ್ಕೇ ನಿಂತಿತು. ಚಂದಯ್ಯ ಬಲೆಗೆ ಸೂಜಿ ಹಾಕಲಾರದೆ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತಿದ್ದ. ಕೇಳಬಾರದ್ದನ್ನು ಕೇಳಿ ಸೂರನನ್ನು ಎರಡನೇ ಸಲ ನೀರಿಗೆ ದೂಡಿದೆ ಎಂದು ಅವನಿಗೆ ಅನಿಸಿತು. ಜಲಜ ಗೇಲಿ ಮಾಡುವುದನ್ನು ಬಿಟ್ಟಳು. ಅದಕ್ಕಿಂತ ಕೆಟ್ಟ ಗುರುತು ಆ ಮನೆಯಲ್ಲಿ ಬೇರೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಶೈಲೇಶ್ ಬಂದ. ಕೈಯಲ್ಲಿ ಮೊಬೈಲು, ಅದರೊಳಗೆ ಭೋಜ. "ಮಾವ, ಭೋಜಣ್ಣಂಗೆ ನಿಮ್ಮತ್ರ ಮಾತಾಡ್ಕ್ ಅಂಬ್ರ್" ಎಂದು ಕೊಟ್ಟು ತಾನು ಕಂಬಕ್ಕೊರಗಿ ನಿಂತ.

ಹಿಂದೆ ಕ್ಯಾಂಟೀನಿನ ಪಾತ್ರೆಗಳ ಸದ್ದು. ಭೋಜ ಮೊದಲು ಹವಾಮಾನ ಕೇಳಿದ, ಬಂಗುಡೆ ಸಿಗುತ್ತಿದೆಯೇ ಎಂದು ಕೇಳಿದ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟ. "ಚಂದಯ್ಯಣ್ಣ, ಹಿಂದೆ ಕೂಕಂತಿದ್ದದ್ ಸೂರಣ್ಣ ಅಲ್ಲ. ಅವ್ರ್ ಮಗ್ಳ್. ಚಂದನಾ."



ಭೋಜ ಪ್ರತಿ ದೀಪಾವಳಿಗೆ ಸುಂದರಿಗೆ ಫೋನು ಮಾಡುವವನು. ಈ ಸಲ ಫೋನು ತೆಗೆದದ್ದು ಚಂದನಾ. ಈಗ ಕಾಲೇಜಿಗೆ ಹೋಗುತ್ತಾಳೆ. ಊರಿನವರೆಲ್ಲ ಸೇರಿ ಕಂಪ್ಯೂಟರಿನಲ್ಲಿ ಗಂಗೊಳ್ಳಿ ಕಟ್ಟಿದ್ದೇವೆ, ಚಂದಯ್ಯಣ್ಣನೇ ತಾಂಡೇಲ ಎಂದು ಇವನು ಬಾಯಿಬಿಟ್ಟ. ಅಪ್ಪಯ್ಯನ ದೋಣಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾರಿಗೂ ಹೇಳಬೇಡಿ ಎಂದು ಅವಳು ಅಂಗಲಾಚಿದಳು. ಹೆಸರಿಲ್ಲದ ಗೊಂಬೆಯನ್ನು ಕಂಡು ಕೇಳಿದ ಉಳಿದವರಿಗೆ ತನ್ನ ಪರಿಚಯದವರು ಎಂದಷ್ಟೇ ಭೋಜ ಹೇಳಿದ್ದ. ಅವಳ ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಇಲ್ಲಿ ಕೂಗಿದ್ದು ಅಲ್ಲಿಗೆ ಮುಟ್ಟುವಾಗ ತಡ, ಅವಳು ಜಗ್ಗಿದ್ದು ಇಲ್ಲಿಗೆ ಬರುವಾಗ ಇನ್ನೂ ತಡ. ಮೀನು ಮಾರಲು ಹೋದ ಸುಂದರಿ ಮನೆಗೆ ಬರುವ ಹೊತ್ತಿಗೆ ಮೊಬೈಲು ಮುಚ್ಚಿಡಬೇಕಾಗಿತ್ತು. ದಡ ಹತ್ತಿರವಾಗುವ ಹೊತ್ತೂ ಅದೇ.

"ನಾನ್ ಹೇಳಿದ್ದೆಲ್ಲ ಕೇಂಡಿತಾ ಆ ಹೆಣ್ಣಿಗೆ?" ಎಂದ ಚಂದಯ್ಯ.

"ಕೇಂಡಿತ್. ಅದ್ ಅವ್ಳಿಗ್ ಮೊದ್ಲೇ ಗೊತ್ತಿತ್ತ್ ಅಣ್ಣ. ಅವಳ್ ಅಳೂದ್ ಅದ್ಕಲ್ಲ" ಎಂದ ಭೋಜ. "ಅಪ್ಪಯ್ಯ ಅಲ್ಲ, ನಾನ್ ಅಂತ ಗೊತ್ತಾರೆ ದೊಡ್ಡಪ್ಪಯ್ಯ ನನ್ನ ದೋಣಿಂದ ಇಳ್ಸ್ತ್ರಾ ಅಂತ ಕೇಣ್ತಿತ್ತ್."

ಚಂದಯ್ಯ ಮೊಬೈಲನ್ನು ಶೈಲೇಶನ ಕೈಗೆ ಕೊಟ್ಟು ಹಿತ್ತಲಿಗೆ ಹೋದ. ಬಾವಿಕಟ್ಟೆಯ ಮೇಲೆ ಕೂತು ಅತ್ತ. ಸೂರ ಸತ್ತಾಗಲೂ ಹಾಗೆ ಅತ್ತವನಲ್ಲ. ಆಗ ಹುಡುಕುವ ಕೆಲಸವಿತ್ತು. ಈಗ ಯಾವ ಕೆಲಸವೂ ಉಳಿದಿರಲಿಲ್ಲ. ಬಂದವನು ಸೂರನಲ್ಲ ಎಂದ ಮೇಲೆ ಆ ಪ್ರಶ್ನೆಗೆ ಈ ಜನ್ಮದಲ್ಲಿ ಉತ್ತರವಿಲ್ಲ. ಇಷ್ಟು ದಿನ ಬಾಗಿಲು ಸಂದು ಬಿಟ್ಟುಕೊಂಡಿತ್ತು, ಈಗ ಮುಚ್ಚಿತು. ಮುಚ್ಚಿದ ಬಾಗಿಲ ಈಚೆ ಒಂದು ಹೆಣ್ಣುಮಗಳು ನಿಂತು, ನನ್ನನ್ನು ಇಳಿಸುತ್ತೀರಾ ಎಂದು ಕೇಳುತ್ತಿದ್ದಳು. ಅವನ ಕಿವಿ ತಿರುಪಿ ಇಂಜಿನಿನ ಸದ್ದು ಮಾಡುತ್ತಿದ್ದ ಕೂಸು.

ಜಲಜ ಚಾ ತಂದು ಪಕ್ಕದಲ್ಲಿಟ್ಟಳು. "ಆರ್ತ್, ಕುಡೀನಿ" ಎಂದಳು. ಅವಳಿಗೆ ಶೈಲೇಶ್ ಹೇಳಿದ್ದ.

"ಬಪ್ಪುಕ್ ಹೇಳ್ ಅಂತ ಭೋಜಂಗ್ ಹೇಳ್" ಎಂದ ಚಂದಯ್ಯ, ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತ. "ಇವತ್ತೇ. ಇವತ್ ದೋಣಿ ದಡಕ್ ತಕಂಡ್ ಹೋಪ್ದ್. ಅದ್ರ ಅಮ್ಮಂಗೂ ಹೇಳಿಯೇ ಬರ್ಲಿ. ಕದ್ದ್ ಬಪ್ದ್ ಬ್ಯಾಡ."

ಸಂಜೆ ಎಲ್ಲರೂ ಹತ್ತಿದರು. ಸುದ್ದಿ ಎಲ್ಲರಿಗೂ ತಿಳಿದಿತ್ತು. ಹಿಂದೆ ಬಲೆಯ ರಾಶಿಯ ಪಕ್ಕ ಮಳೆಯಂಗಿಯ ಗೊಂಬೆ ಕೂತಿತ್ತು. ಮೂಲೆಯಲ್ಲಿ ಆರು. ಚಂದಯ್ಯ ಒಂದೇ ಬಲೆ ಬಿಡಿಸಿದ, ಒಂದೇ ಸಲ ಎಳೆಸಿದ. ಮೀನು ಹೆಚ್ಚು ಬರಲಿಲ್ಲ. "ಸಾಕ್, ಹೋಪ" ಎಂದು ದೋಣಿ ತಿರುಗಿಸಿದ.

ತೆರೆಯ ಮೇಲೆ ಅಳಿವೆ ಕಾಣಿಸಿತು. ಎಡಕ್ಕೆ ಅವನೇ ಹೇಳಿ ಮಾಡಿಸಿದ ಮರಳ ದಿಬ್ಬ, ಆಚೆ ಭೋಜನ ತೆಂಗಿನ ಮರಗಳು. ಶೈಲೇಶ್ ವಾಡಿಕೆಯಂತೆ, "ಮಾವ, ನಾನ್ ಹಿಡ್ಕಂತೆ" ಎಂದ.

"ಬ್ಯಾಡ" ಎಂದ ಚಂದಯ್ಯ. ಇಂಜಿನು ನಿಲ್ಲಿಸಿದ. ದೋಣಿ ಅಳಿವೆಯ ಬಾಯಲ್ಲಿ ತೂಗುತ್ತ ನಿಂತಿತು. "ಎಲ್ಲಾ ಕೇಣಿ. ನಾನ್ ಎಣ್ಸ್ತೆ. ನಿಮ್ದ್ ಬಂದಾಗ ಓ ಅನ್ನಿ."

ಜಲಜ ಬಾಗಿಲಿಗೆ ಬಂದು ನಿಂತಳು. ಅಪ್ಪ ಕರಿಯನ ಮಾತು ಅವನ ಕಿವಿಯಲ್ಲಿತ್ತು. ಎಣಿಸಲಿ, ಕಡಲೂ ಬೇಕಾದರೆ ಎಣಿಸಲಿ ಎಂದುಕೊಂಡ.

"ಒಂದ್, ನಾನ್. ಎರಡ್."

"ಓ" ಎಂದ ಶೈಲೇಶ್.

"ಮೂರ್."

"ಓ" ಎಂದಳು ನಿಶ್ಮಿತಾ.

"ನಾಕ್."

"ಓ ಮಾವ" ಎಂದ ರವಿರಾಜ್.

"ಐದ್."

ಪಾತ್ರೆಗಳ ಸದ್ದು ಕೇಳಿತು. ಆಮೇಲೆ, ಹನ್ನೆರಡು ವರ್ಷದ ಹಿಂದೆ ಮೂರಕ್ಕೆ ನಿಲ್ಲಿಸಿದವನು, "ಓ, ಚಂದಯ್ಯಣ್ಣ" ಎಂದ.

"ಆರ್."

ಅಲೆಗಳ ಸದ್ದು ಮಾತ್ರ. ಒಂದು ಉಸಿರು ತಡವಾಗಿ ಬಂತು ಆ ಧ್ವನಿ, ತೆಳ್ಳಗೆ, ತುಂಡು ತುಂಡಾಗಿ. "ಓ. ದೊಡ್ಡಪ್ಪಯ್ಯ, ನಾನ್ ಚಂದನಾ. ಅಮ್ಮನೂ ಇಲ್ಲೇ ಕೂಕಂಡಿದ್ರ್."

ಚಂದಯ್ಯ ಕಣ್ಣು ಮುಚ್ಚಿದ. ತಲೆಯಾಡಿಸಿದ, ಅವರಿಗೆ ಕಾಣುತ್ತದೆಯೋ ಎಂಬಂತೆ. "ಇಳ್ಸುದಿಲ್ಲ ಮಗಾ" ಎಂದ. "ನಿನ್ನ ಯಾರೂ ಇಳ್ಸುದಿಲ್ಲ. ನಿನ್ನ ಜಾಗ ಅದ್."

ತೆರೆಯ ಮೂಲೆಯಲ್ಲಿ ಅಂಕಿ ಆರು ಎಂದಿತ್ತು. ಲೆಕ್ಕ ಸರಿಯಾಗಿತ್ತು. ಮಾವ ಇಂಜಿನು ಹಾಕಿಯಾರೆಂದು ಶೈಲೇಶ್ ಕಾದ. ಚಂದಯ್ಯ ಹಾಕಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಹನ್ನೆರಡು ವರ್ಷದ ಹಿಂದೆ ಎಣಿಸದೆ ಬಿಟ್ಟವನನ್ನು, ದೋಣಿಯಲ್ಲಿ ಕೂಗುತ್ತಿದ್ದ ಗಟ್ಟಿ ಧ್ವನಿಯಲ್ಲಿ ಕರೆದ.

"ಏಳ್."

ಬೈಂದೂರಿನಲ್ಲಿ ಸುಂದರಿ ಬಾಯಿಗೆ ಸೆರಗು ಒತ್ತಿಕೊಂಡದ್ದು ಇಲ್ಲಿಗೆ ಕೇಳಲಿಲ್ಲ. ಕೇಳಿದ್ದು ನೀರಿನ ಸದ್ದು. ಒಂದು ಉಸಿರು ಕಳೆಯಿತು, ಇನ್ನೊಂದು ಕಳೆಯಿತು.

"ಏಳ್" ಎಂದು ಮತ್ತೆ ಕರೆದ. ಸ್ವಲ್ಪ ಹೊತ್ತು ಬಿಟ್ಟು ಮೂರನೆಯ ಸಲವೂ ಕರೆದ. ಯಾರೂ ಓಗೊಡಲಿಲ್ಲ.

ಚಂದಯ್ಯ ಬೈರಾಸಿನಿಂದ ಮುಖ ಒರೆಸಿಕೊಂಡು, ಇಂಜಿನು ಹಾಕಿ, ದೋಣಿಯನ್ನು ತಾನೇ ದಡಕ್ಕೆ ಹಚ್ಚಿದ.